ಹೊಸ ದೂರವಾಣಿಯ ಪದಾರ್ಥವಿಚಾರ

ಕಳೆದ ಆಷಾಢದ ಒಂದು ರಾತ್ರಿ ಬಿರುಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿ, ನಮ್ಮ ಬೀದಿಯ ದೀಪಗಳೆಲ್ಲ ಆರಿಹೋಗಿದ್ದುವು. ಎದುರು ಮನೆಯ ವೃದ್ಧಮಾತೆಯೊಬ್ಬರಿಗೆ ಉಸಿರು ಕಟ್ಟಿಕೊಂಡಿತು. ಅವರ ಮಗನು ಓಡಿಬಂದು ನಮ್ಮ ಮನೆಯ ದೂರವಾಣಿಯನ್ನು ಕೈಗೆತ್ತಿಕೊಂಡರೆ ಅದರಲ್ಲಿ ಸೊಲ್ಲೇ ಇಲ್ಲ! ಅವನ ಮೊಬೈಲಿನ ಚಾರ್ಜು ಸಂಜೆಯೇ ಮುಗಿದಿದ್ದಿತು; ನಮ್ಮದು ಮಗಳ ಸಂಗಡ ಪರವೂರಿಗೆ ಹೋಗಿದ್ದಿತು. ಕಡೆಗೆ ಮೂರನೆಯ ಬೀದಿಯ ಔಷಧದ ಅಂಗಡಿಯವರನ್ನು ಎಬ್ಬಿಸಿ ೧೦೮ಕ್ಕೆ ಕರೆಮಾಡಿದುದಾಯಿತು. ದೈವಕೃಪೆಯಿಂದ ಆ ತಾಯಿ ಉಳಿದುಕೊಂಡರು. ಮೂವತ್ತು ವರ್ಷಗಳಿಂದ ದೀಪವಿರಲಿ ಇಲ್ಲದಿರಲಿ ಮಾತನಾಡುತ್ತಿದ್ದ ದೂರವಾಣಿಯು, ತಾಮ್ರದ ತಂತಿಯನ್ನು ತೆಗೆಯಿಸಿ ಗಾಜಿನೆಳೆಯನ್ನು ಹಾಕಿಸಿಕೊಂಡ ಆರು ತಿಂಗಳಿನೊಳಗಾಗಿ ಹೀಗೇಕೆ ಮೂಕವಾಯಿತು? ಇದನ್ನು ವಿಚಾರಿಸಹೊರಟ ನಮಗೆ, ಹೆಸರೊಂದು ಹಳೆಯದಾಗಿ ಉಳಿದು ವಸ್ತುವೇ ಬೇರೆಯಾಗಿಹೋಗಿರುವುದು ಗೋಚರವಾಯಿತು.

ಹಳೆಯ ಉಪಕರಣಕ್ಕೆ ಬೇಕಾದ ವಿದ್ಯುತ್ತು ನಮ್ಮ ಮನೆಯದಾಗಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಇಟ್ಟಿರುವ ಬ್ಯಾಟರಿಗಳಿಂದ ಸುಮಾರು ೪೮ ವೋಲ್ಟಿನ ಶಕ್ತಿಯು, ಮಾತನ್ನು ಹೊತ್ತು ತರುವ ಆ ಜೋಡಿತಂತಿಯಲ್ಲಿಯೇ ಹರಿದುಬರುತ್ತಿದ್ದಿತು. ಗಾಜಿನೆಳೆಯಾದರೋ ಬೆಳಕನ್ನು ಒಯ್ಯುವುದು, ವಿದ್ಯುತ್ತನ್ನು ಒಯ್ಯಲಾರದು. ಆ ಬೆಳಕನ್ನು ಮಾತಾಗಿ ಮಾರ್ಪಡಿಸುವ ಚಿಕ್ಕ ಪೆಟ್ಟಿಗೆಯು ನಮ್ಮ ಗೋಡೆಯ ಪ್ಲಗ್ಗನ್ನೇ ನೆಚ್ಚಿಕೊಂಡಿರುವುದು. ಪ್ಲಗ್ಗಿನಲ್ಲಿ ವಿದ್ಯುತ್ತು ಹೋದೊಡನೆಯೇ ಪೆಟ್ಟಿಗೆಯೂ, ಅದರೊಡನೆ ದೂರವಾಣಿಯೂ ನಿಂತುವು. ಸಂಗತಿ ಇಷ್ಟೇ. ಆದರೆ ತಂತಿ ಬದಲಾಯಿಸಿದವರು ಇದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳುವುದಕ್ಕೆ ಬೇಕಾದ ಪದಗಳೇ ನಮ್ಮಲ್ಲಿರಲಿಲ್ಲ. ಪದವನ್ನರಿಯದವನಿಗೆ ಪ್ರಶ್ನೆಯೆಲ್ಲಿಂದ ಹುಟ್ಟಬೇಕು? ಆದುದರಿಂದ ಅಂಥ ಕೆಲವು ಪದಗಳ ಅರ್ಥವನ್ನು ವಾಚಕರ ಮುಂದಿಡುತ್ತೇವೆ.

ಬೆಲ್ ಮಹಾಶಯನು ೧೮೭೬ರಲ್ಲಿ ದೂರವಾಣಿಗೆ ಹಕ್ಕುಪತ್ರ ಪಡೆದಂದಿನಿಂದ ಬಹುಕಾಲದವರೆಗೆ ನಡೆದುಬಂದ ಪದ್ಧತಿಗೆ ಸರ್ಕಿಟ್ ಪದ್ಧತಿಯೆಂದು ಹೆಸರು. ಕರೆ ಆರಂಭವಾದಾಗಿನಿಂದ ಮುಗಿಯುವವರೆಗೆ ಇಬ್ಬರ ನಡುವೆ ಒಂದು ಹಾದಿಯನ್ನು ಮೀಸಲಾಗಿ ತೆಗೆದಿಡುವುದು ಇದರ ಲಕ್ಷಣ. ಇಡೀ ಜಟಕಾವನ್ನು ಬಾಡಿಗೆಗೆ ಹಿಡಿದಂತೆ. ಒಳಗೆ ಕುಳಿತವರು ಮಾತನಾಡಲಿ, ಮೌನವಾಗಿರಲಿ, ಗಾಡಿ ಅವರದೇ. ಅಂತರ್ಜಾಲದ ಪದ್ಧತಿಯು ಇದಕ್ಕೆ ವಿಪರೀತವಾದುದು. ೧೯೬೦ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಉಪಾಯವನ್ನು ಕಂಡುಕೊಂಡರು. ಕಳುಹಿಸಬೇಕಾದುದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಒಂದೊಂದರ ಮೇಲೂ ವಿಳಾಸ ಬರೆದು, ತೆರಪಾದ ಹಾದಿಯಲ್ಲಿ ಹೊರಡಿಸಿಬಿಡುವುದು. ಇವುಗಳಿಗೆ ಪ್ಯಾಕೆಟ್ ಎಂದು ಹೆಸರಿಟ್ಟವನು ಡೇವಿಸ್. ವೇದಾಧ್ಯಯನ ಮಾಡಿದವರಿಗೆ ಇದು ಹೊಸದೆನಿಸದು. ಸಂಹಿತೆಯನ್ನು ಪದಪದವಾಗಿ ಬಿಡಿಸಿ ಮರಳಿ ಸಂಹಿತೆಯಾಗಿ ಕೂಡಿಸುವ ಕ್ರಮವನ್ನು ಅವರು ಬಲ್ಲರಷ್ಟೆ.

ಮಾತನ್ನು ಹೀಗೆ ಬಿಡಿಸಿ ಕೂಡಿಸುವ ಯಂತ್ರವಿಧಿಗೆ ಕೋಡೆಕ್ ಎಂದು ಹೆಸರು. ೧೯೭೨ರಲ್ಲಿ ಗೊತ್ತಾದ ಜಿ. ೭೧೧ ಎಂಬ ವಿಧಿಯು ಇಂದಿಗೂ ಬಳಕೆಯಲ್ಲಿರುವುದು. ಇದರಲ್ಲಿ ಧ್ವನಿಯ ಏರಿಳಿತವನ್ನು ಸೆಕೆಂಡಿಗೆ ೮,೦೦೦ ಬಾರಿ ಅಳೆದು, ಒಂದೊಂದು ಅಳತೆಯನ್ನೂ ಒಂದು ಬೈಟಿನಲ್ಲಿ, ಎಂದರೆ ಎಂಟು ಅಂಕಗಳಲ್ಲಿ, ಬರೆದಿಡುವರು. ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದ ಮಾತು ಒಂದು ಪೊಟ್ಟಣ. ಅದರಲ್ಲಿ ಮಾತು ೧೬೦ ಬೈಟು, ವಿಳಾಸಾದಿಗಳು ೪೦ ಬೈಟು. ಜಿ. ೭೨೯ ಎಂಬ ಜಿಪುಣ ವಿಧಿಯಲ್ಲಿ ಮಾತು ೨೦ ಬೈಟಿಗೆ ಇಳಿಯುವುದು, ವಿಳಾಸ ಮಾತ್ರ ೪೦ ಬೈಟಾಗಿಯೇ ಉಳಿಯುವುದು. ಕಾಗದಕ್ಕಿಂತ ಲಕೋಟೆಯೇ ಇಮ್ಮಡಿ ಭಾರ!

ಪೊಟ್ಟಣಗಳು ತಲಪುವುದಕ್ಕೆ ಹಿಡಿಯುವ ಕಾಲವು ಲೇಟೆನ್ಸಿ. ಒಂದು ದಿಕ್ಕಿಗೆ ಇದು ಸೆಕೆಂಡಿನ ಸಾವಿರದಲ್ಲಿ ೧೫೦ ಭಾಗವನ್ನು ಮೀರದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘವು ಹೇಳಿದೆ. ಮೀರಿದರೆ, ಹೊರದೇಶದ ಮಕ್ಕಳೊಡನೆ ಮಾತನಾಡುವಾಗ ನಾವೂ ಅವರೂ ಒಮ್ಮೆಗೇ ಬಾಯಿ ತೆರೆದು, ಒಮ್ಮೆಗೇ ಸುಮ್ಮನಾಗಿ, ಮರಳಿ ಒಮ್ಮೆಗೇ "ನೀನು ಹೇಳು" ಎನ್ನುವ ಪ್ರಹಸನ ನಡೆಯುವುದು. ಪೊಟ್ಟಣಗಳ ನಡುವಿನ ಅಂತರವು ಏರುಪೇರಾದರೆ ಅದು ಜಿಟರ್. ಬಂದವುಗಳನ್ನು ಕೆಲವು ಕ್ಷಣ ಕೂಡಿಟ್ಟುಕೊಂಡು ಸಮನಾದ ಲಯದಲ್ಲಿ ನುಡಿಸುವುದರಿಂದ ಇದನ್ನು ತಕ್ಕಮಟ್ಟಿಗೆ ಸರಿಪಡಿಸಬಹುದು. ದಾರಿಯಲ್ಲಿ ಕಳೆದುಹೋದುದನ್ನು ಸಾಮಾನ್ಯವಾಗಿ ಮರಳಿ ತರಿಸುವುದಿಲ್ಲ. ಊಟವೆದ್ದ ಮೇಲೆ ಬಂದ ಸಾರಿನಿಂದ ಏನು ಪ್ರಯೋಜನ?

ಇನ್ನು ಕರೆಯನ್ನು ಕೂಡಿಸುವವರಾರು? ಸಿಪ್ ಎಂಬ ವಿಧಿ. ಇದು ೧೯೯೯ರಲ್ಲಿ ಹೊರಬಂದು ೨೦೦೨ರಲ್ಲಿ ಪರಿಷ್ಕೃತವಾಯಿತು. ಮಾತನ್ನು ಹೊರುವುದು ಇದರ ಕೆಲಸವಲ್ಲ. ಮದುವೆಯ ದಲ್ಲಾಳಿಯಂತೆ ಇಬ್ಬರನ್ನೂ ಪರಿಚಯಮಾಡಿಸಿ ಪಕ್ಕಕ್ಕೆ ಸರಿಯುವುದು. ಮಾತನ್ನು ಹೊರುವ ವಿಧಿಯು ಬೇರೆ. "ಇನ್‌ವೈಟ್" ಎಂದು ಆಹ್ವಾನಿಸಿ, "ರಿಂಗಿಂಗ್" ಎಂದು ಗಂಟೆ ಬಾರಿಸುತ್ತಿರುವುದನ್ನು ತಿಳಿಸಿ, ಕಡೆಗೆ "ಬೈ" ಎಂದು ಬೀಳ್ಕೊಡುವುದು. (ಕನ್ನಡದ ಬೈಗುಳಕ್ಕೂ ಇದಕ್ಕೂ ಸಂಬಂಧವಿಲ್ಲ.) ಉಪಕರಣವು ತಾನಿರುವ ನೆಲೆಯನ್ನು ಯಜಮಾನ ಯಂತ್ರಕ್ಕೆ ಆಗಾಗ ತಿಳಿಸುತ್ತಿರುವುದಕ್ಕೆ ರಿಜಿಸ್ಟರ್ ಎನ್ನುವರು. ಹೀಗಾಗಿ ಒಂದೇ ಸಂಖ್ಯೆಯನ್ನು ಮೈಸೂರಿನಲ್ಲಿಯೂ ಇಟ್ಟುಕೊಳ್ಳಬಹುದು, ಮುಂಬಯಿಗೂ ಒಯ್ಯಬಹುದು. ಸಂಖ್ಯೆಯನ್ನು ನೋಡಿ ಸ್ಥಳವನ್ನು ನಿಶ್ಚಯಿಸುವ ಹಳೆಯ ಭರವಸೆಯು ಇದರಿಂದ ತಪ್ಪಿತು. ಭಾರತದಲ್ಲಿ ಅಂತರ್ಜಾಲದ ದೂರವಾಣಿಗೆ ಮೊದಲು ಅನುಮತಿ ದೊರೆತುದು ೨೦೦೨ರ ಏಪ್ರಿಲಿನಲ್ಲಿ, ಅದೂ ಅನೇಕ ಕಟ್ಟುಪಾಡುಗಳೊಡನೆ.

ಕಚೇರಿಯ ವ್ಯವಸ್ಥೆಯಲ್ಲಿ ಮುಖ್ಯವಾದುದು ಪಿ.ಬಿ.ಎಕ್ಸ್.; ನಮ್ಮ ಕಡೆಯ ಗುಮಾಸ್ತರು ಇ.ಪಿ.ಎ.ಬಿ.ಎಕ್ಸ್. ಎಂದು ಉದ್ದವಾಗಿ ಕರೆಯುವುದೂ ಇದರ ಒಂದು ಬಗೆಯೇ. ನೂರು ಮಂದಿ ಕೆಲಸಮಾಡುವ ಕಡೆ ನೂರು ಲೈನುಗಳು ಬೇಕಿಲ್ಲ; ಒಂದೇ ಕಾಲದಲ್ಲಿ ಹೊರಗಿನವರೊಡನೆ ಮಾತನಾಡುವವರು ಹತ್ತಾರು ಮಂದಿಯಷ್ಟೆ. ಎಲ್ಲರೂ ಹಂಚಿಕೊಳ್ಳುವ ಹೊರಗಿನ ಹಾದಿಗಳಿಗೆ ಟ್ರಂಕ್ ಎಂದೂ, ಒಬ್ಬೊಬ್ಬರ ಮೇಜಿನ ಒಳಸಂಖ್ಯೆಗೆ ಎಕ್ಸ್‌ಟೆನ್ಷನ್ ಎಂದೂ ಹೆಸರು. ಹಿಂದೆ ಆಪರೇಟರು ಹಲಗೆಯ ಮುಂದೆ ಕುಳಿತು ಹಗ್ಗದಂಥ ತಂತಿಗಳನ್ನು ಕೈಯಿಂದ ಚುಚ್ಚಿ ಕರೆ ಕೂಡಿಸುತ್ತಿದ್ದರು. ಕೈಯಿಲ್ಲದೆ ಕೂಡಿಸುವ ಯಂತ್ರಕ್ಕೆ ೧೮೯೧ರಲ್ಲಿ ಹಕ್ಕುಪತ್ರ ಪಡೆದವನು ಅಮೆರಿಕದ ಕಾನ್ಸಸ್ ಸಿಟಿಯ ಸ್ಟ್ರೌಜರ್. ವೃತ್ತಿಯಿಂದ ಶವಸಂಸ್ಕಾರದ ಏರ್ಪಾಡು ಮಾಡುವವನು! ತನಗೆ ಬರಬೇಕಾದ ಗಿರಾಕಿಗಳ ಕರೆಯನ್ನು ಆಪರೇಟರು ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಳೆಂಬ ಸಂಶಯವೇ ಅವನ ಶೋಧಕ್ಕೆ ಕಾರಣವೆಂದು ಕಥೆಯುಂಟು. ಈಗಂತೂ ಪಿ.ಬಿ.ಎಕ್ಸ್. ಎಂಬುದು ಸಾಧಾರಣ ಕಂಪ್ಯೂಟರಿನಲ್ಲಿ ಓಡುವ ಒಂದು ಕ್ರಮವಿಧಿಯಾಗಿದೆ. ೧೯೯೯ರಲ್ಲಿ ಮಾರ್ಕ್ ಸ್ಪೆನ್ಸರ್ ಬರೆದ ಆಸ್ಟೆರಿಸ್ಕ್ ಎಂಬುದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಎಂದು ನಮ್ಮನ್ನು ಕಾಯಿಸುವ ಅಶರೀರವಾಣಿಯೂ ಇಂಥ ಕ್ರಮವಿಧಿಗಳ ಪ್ರಸಾದವೇ.

ಇಂಥ ವ್ಯವಸ್ಥೆಯಲ್ಲಿ ಹೊರಗೆ ಕರೆಮಾಡಲು ಮೊದಲು ೦ ಅಥವಾ ೯ನ್ನು ಒತ್ತುವ ವಾಡಿಕೆಯುಂಟು. ಅಲ್ಪವೆಂದು ತೋರುವ ಈ ನಿಯಮದಿಂದ ಒದಗಿದ ಅನರ್ಥವನ್ನು ಹೇಳದಿರಲಾರೆವು. ೨೦೧೩ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಮಾರ್ಷಲ್ ಎಂಬ ಊರಿನ ವಸತಿಗೃಹದಲ್ಲಿ ಕಾರಿ ಹಂಟ್ ಎಂಬಾಕೆಯ ಮೇಲೆ ಮಾರಣಾಂತಿಕವಾದ ಆಕ್ರಮಣ ನಡೆಯಿತು. ಒಂಬತ್ತು ವರ್ಷದ ಮಗಳು, ಕಲಿಸಿದ್ದಂತೆಯೇ, ಕೋಣೆಯ ದೂರವಾಣಿಯಿಂದ ೯೧೧ಕ್ಕೆ ನಾಲ್ಕು ಬಾರಿ ಕರೆಮಾಡಿದಳು. ಮೊದಲು ಇನ್ನೊಂದು ೯ ಬೇಕೆಂಬುದು ಆ ಮಗುವಿಗೆ ತಿಳಿಯದು. ಕರೆ ಹೋಗಲೇ ಇಲ್ಲ; ತಾಯಿ ಉಳಿಯಲಿಲ್ಲ. ಮಗು ತಪ್ಪಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ; ಅದನ್ನು ಅಣಿಗೊಳಿಸಿದವರ ಲಕ್ಷ್ಯಕ್ಕೆ ಮಗುವೊಂದು ಬಂದಿರಲಿಲ್ಲ, ಅಷ್ಟೆ. ಆಕೆಯ ಹೆಸರಿನಲ್ಲಿ ೨೦೧೮ರಲ್ಲಿ ಅಲ್ಲಿ ಶಾಸನವಾಗಿ, ೨೦೨೦ರ ಫೆಬ್ರವರಿಯಿಂದೀಚಿನ ಹೊಸ ವ್ಯವಸ್ಥೆಗಳಲ್ಲಿ ಯಾವ ಮುನ್ನಂಕವೂ ಇಲ್ಲದೆ ೯೧೧ ನೇರವಾಗಿ ಹೋಗತಕ್ಕದ್ದೆಂದು ವಿಧಿಸಲಾಯಿತು. ನಮ್ಮ ಕಚೇರಿ, ಛತ್ರ, ಶಾಲೆಗಳಲ್ಲಿ ೧೧೨ ನೇರವಾಗಿ ಹೋಗುವುದೇ ಎಂಬುದನ್ನು ಅಲ್ಲಿನ ವ್ಯವಸ್ಥಾಪಕರನ್ನು ಕೇಳಿ ತಿಳಿಯುವುದಕ್ಕೆ ಖರ್ಚೇನೂ ಇಲ್ಲ.

ಮನೆಯ ಮಟ್ಟಿಗೆ ಪರಿಹಾರವು ಸುಲಭ. ಗಾಜಿನೆಳೆಯ ಪೆಟ್ಟಿಗೆಗೆ ಒಂದು ಚಿಕ್ಕ ಯು.ಪಿ.ಎಸ್. ಬೇಕು. ರೌಟರು ಬೇರೆಯಾಗಿದ್ದು ಮಾತು ಅದರ ಮೂಲಕ ಹೋಗುವಂತಿದ್ದರೆ ಅದಕ್ಕೂ ಬೇಕು. ತಂತಿಯಿಲ್ಲದ ಕಾರ್ಡ್‌ಲೆಸ್ ಉಪಕರಣವು ತನ್ನದೇ ಪ್ಲಗ್ಗನ್ನು ಬಯಸುವುದರಿಂದ, ಕತ್ತಲೆಯ ರಾತ್ರಿಗೆ ತಂತಿಯಿರುವ ಹಳೆಯ ಮಾದರಿಯೇ ಮೇಲು. ನಾವು ಯು.ಪಿ.ಎಸ್. ತರಿಸಿದ ಭಾನುವಾರ ಮನೆಯ ಮೇನನ್ನು ಆರಿಸಿ ದೂರವಾಣಿಯನ್ನೆತ್ತಿ ನೋಡಿದೆವು. ಡಯಲ್ ಟೋನು ಕೇಳಿಸಿತು. ಎದುರು ಮನೆಯ ಹುಡುಗನೂ ಬಂದು ಕಿವಿಗಿಟ್ಟು ಕೇಳಿ, ಮರುದಿನವೇ ತಮ್ಮ ಮನೆಗೊಂದನ್ನು ತಂದನು.