ಬೆಳಕಿನ ವೇಗ ನಿಜವಾಗಿಯೂ ಸ್ಥಿರವೆ?

ಈ ಮಾತು ಪ್ರಸಾರ ಕೇಂದ್ರದ ಗೋಪುರದಿಂದ ನಿಮ್ಮ ಮನೆಯ ರೇಡಿಯೋವನ್ನು ತಲುಪುವುದು ಬೆಳಕಿನ ವೇಗದಲ್ಲಿ. ಬೆಳಕೂ ರೇಡಿಯೋ ಅಲೆಯೂ ಒಂದೇ ಕುಲಕ್ಕೆ ಸೇರಿದವು. ಆ ವೇಗ ಸೆಕೆಂಡಿಗೆ 2,99,792.458 ಕಿಲೋಮೀಟರು. ಅದು ಸ್ಥಿರ, ಎಂದೂ ಬದಲಾಗದು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗೆಂದು ಹೇಳಿದವರು ಯಾರು, ಯಾವ ಆಧಾರದಿಂದ? ಕೇಳಬೇಕಾದ ಪ್ರಶ್ನೆಯೇ.

ಮೊದಲು ಒಂದು ಗೊಂದಲ ಪರಿಹಾರವಾಗಲಿ. ಸ್ಥಿರವೆನ್ನುವುದು ನಿರ್ವಾತದಲ್ಲಿ, ಅಂದರೆ ಏನೂ ಇಲ್ಲದ ಬರಿದಾದ ಜಾಗದಲ್ಲಿ, ಬೆಳಕಿಗಿರುವ ವೇಗವನ್ನು. ನೀರಿನಲ್ಲಿ ಅದು ಸೆಕೆಂಡಿಗೆ ಸುಮಾರು 2,25,000 ಕಿಲೋಮೀಟರಿಗೆ ಇಳಿಯುತ್ತದೆ. ಕೆರೆಯಲ್ಲಿ ಓರೆಯಾಗಿ ಅದ್ದಿದ ಕೋಲು ಮುರಿದಂತೆ ಕಾಣುವುದು ಇದರಿಂದಲೇ.

ಇನ್ನು ನೋಡುವವನ ಚಲನೆ. ಎದುರಿನಿಂದ ಬರುವ ಬಸ್ಸು ನಿಂತವನಿಗಿಂತ ಅದರತ್ತ ಓಡುವವನಿಗೆ ಬೇಗ ಹತ್ತಿರವಾಗುತ್ತದೆ. ಬೆಳಕಿಗೂ ಹೀಗೆಯೆ? ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿಲೋಮೀಟರು ವೇಗದಲ್ಲಿ ಸುತ್ತುತ್ತಿದೆ. ಅದರ ಪರಿಣಾಮ ಬೆಳಕಿನ ವೇಗದಲ್ಲಿ ಕಾಣಬೇಕೆಂದು ಅಮೆರಿಕದ ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಹುಡುಕಿದರು. ನಿರೀಕ್ಷಿಸಿದ ವ್ಯತ್ಯಾಸ ಸಿಗಲಿಲ್ಲ. ಯಾರು ಹೇಗೆ ಚಲಿಸುತ್ತಿದ್ದರೂ ಬೆಳಕಿನ ವೇಗ ಒಂದೇ ಎಂಬುದನ್ನು ಐನ್‌ಸ್ಟೈನ್ 1905ರಲ್ಲಿ ತಮ್ಮ ಸಿದ್ಧಾಂತದ ತಳಹದಿಯಾಗಿ ಇಟ್ಟುಕೊಂಡರು.

ಹಾಗಾದರೆ ಕಾಲ ಕಳೆದಂತೆ ಅದು ಬದಲಾಗಬಹುದೆ? ಒಮ್ಮೆ ಹಾಗೇ ತೋರಿತ್ತು. ಅದೇ ಮೈಕೆಲ್ಸನ್ ಎರಡು ಬೆಟ್ಟಗಳ ನಡುವೆ ಬೆಳಕನ್ನು ಹಾಯಿಸಿ 1926ರಲ್ಲಿ 2,99,796 ಎಂಬ ಅಂಕಿ ಪಡೆದರು. ಮುಂದೆ ಅವರೇ ಆರಂಭಿಸಿ, 1931ರಲ್ಲಿ ಅವರು ತೀರಿಕೊಂಡ ಮೇಲೆ ಜೊತೆಗಾರರು ಮುಗಿಸಿದ ಪ್ರಯೋಗದ ಫಲಿತಾಂಶ 1935ರಲ್ಲಿ ಹೊರಬಂತು: 2,99,774. ಬೇರೆ ವಿಧಾನದಿಂದ ಅಳೆದವರಿಗೂ ಇದರ ಹತ್ತಿರದ ಅಂಕಿಗಳೇ ಬಂದವು. ಬೆಳಕು ನಿಧಾನವಾಗುತ್ತಿದೆಯೇ ಎಂದು ಕೆಲವರು ಬರೆದದ್ದೂ ಉಂಟು. ಆದರೆ ಇಂಗ್ಲೆಂಡಿನ ಎಸೆನ್ ಲೋಹದ ಪೊಳ್ಳು ಕೊಳವೆಯಲ್ಲಿ ರೇಡಿಯೋ ಅಲೆಗಳನ್ನು ಅನುರಣಿಸಿ 1950ರಲ್ಲಿ ಪಡೆದ ಅಂಕಿ 2,99,792.5. ಮುಂದಿನ ಅಳತೆಗಳೆಲ್ಲ ಅದನ್ನೇ ಎತ್ತಿಹಿಡಿದವು. ತಪ್ಪಿದ್ದು ಬೆಳಕಲ್ಲ, ಅಳತೆ. ಹೆಸರಾಂತ ಹಿರಿಯರ ಲೆಕ್ಕಕ್ಕೆ ತಮ್ಮ ಲೆಕ್ಕ ತಾಳೆಯಾದೊಡನೆ ದೋಷ ಹುಡುಕುವುದನ್ನು ನಿಲ್ಲಿಸುವುದು ಮನುಷ್ಯ ಸ್ವಭಾವ. ವಿಜ್ಞಾನಿಗಳೂ ಮನುಷ್ಯರೇ.

1983ರಲ್ಲಿ ಇನ್ನೊಂದು ಮಹತ್ವದ ತೀರ್ಮಾನವಾಯಿತು. ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲಿನಲ್ಲಿ ಕ್ರಮಿಸುವ ದೂರವೇ ಮೀಟರು ಎಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅಂದಿನಿಂದ ಬೆಳಕಿನ ವೇಗವನ್ನು ಮೀಟರಿನಿಂದ ಅಳೆಯುವುದಿಲ್ಲ. ಮೀಟರನ್ನೇ ಬೆಳಕಿನಿಂದ ಅಳೆಯುತ್ತೇವೆ. ಬಳ್ಳದಿಂದಲೇ ಬಳ್ಳವನ್ನು ಅಳೆದರೆ ಯಾವಾಗಲೂ ಒಂದು ಬಳ್ಳವೇ ತಾನೆ! ಈ ಅಂಕಿ ಇನ್ನು ಬದಲಾಗದಿರುವುದು ಪ್ರಕೃತಿ ಕೊಟ್ಟ ಸಾಕ್ಷಿಯಲ್ಲ, ನಾವು ಮಾಡಿಕೊಂಡ ಒಪ್ಪಂದ.

ಹಾಗೆಂದು ಪರೀಕ್ಷೆ ನಿಂತಿಲ್ಲ, ಅದರ ದಾರಿ ಬೇರೆಯಾಗಿದೆ. 2009ರಲ್ಲಿ ಫರ್ಮಿ ಉಪಗ್ರಹ ದೂರದ ಒಂದು ಸ್ಫೋಟದ ಗ್ಯಾಮಾ ಕಿರಣಗಳನ್ನು ಹಿಡಿಯಿತು. ನೂರಾರು ಕೋಟಿ ವರ್ಷ ಪಯಣಿಸಿದ್ದರೂ ಹೆಚ್ಚು ಶಕ್ತಿಯ ಕಿರಣ ಮತ್ತು ಕಡಿಮೆ ಶಕ್ತಿಯ ಕಿರಣಗಳು ಸೆಕೆಂಡಿನ ಆಸುಪಾಸಿನ ಅಂತರದಲ್ಲಿ ಬಂದು ಸೇರಿದವು. ಬಗೆಬಗೆಯ ಬೆಳಕಿಗೆ ಬೇರೆ ಬೇರೆ ವೇಗವಿದೆಯೆಂಬ ಸಂಶಯಕ್ಕೆ ಇದು ಬಲವಾದ ಉತ್ತರ. ಪುರಾತನ ಗೆಲಾಕ್ಸಿಗಳ ಬೆಳಕಿನ ರೋಹಿತ ರೇಖೆಗಳನ್ನು ಇಂದಿನವುಗಳ ಪಕ್ಕದಲ್ಲಿಟ್ಟು ಹೋಲಿಸುವ ಕೆಲಸವೂ ನಡೆದಿದೆ. ಬೆಳಕಿನ ವೇಗ ಮತ್ತು ಎಲೆಕ್ಟ್ರಾನಿನ ವಿದ್ಯುದಂಶ ಸೇರಿದ ಒಂದು ಅನುಪಾತ ಆ ರೇಖೆಗಳ ಅಂತರದಲ್ಲಿ ಅಡಗಿದೆ. ಅದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಬದಲಾದದ್ದು ಕಂಡಿಲ್ಲ.

ಇದು ಪಂಡಿತರ ಚರ್ಚೆ ಮಾತ್ರವೆಂದು ತಿಳಿಯಬೇಡಿ. ಕಡಲಿಗಿಳಿದ ದೋಣಿಯ ಜಿಪಿಎಸ್ ದಡದ ದಿಕ್ಕು ತೋರಿಸುವುದು ಈ ವೇಗವನ್ನು ನಂಬಿ. ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರು ತಪ್ಪುತ್ತದೆ.

ಬೆಳಕಿನ ವೇಗ ಸ್ಥಿರವೆ? ಇದುವರೆಗಿನ ಎಲ್ಲ ಪರೀಕ್ಷೆಗಳಲ್ಲೂ ಹೌದು. ಆದರೂ ಪರೀಕ್ಷೆ ಮಾಡುತ್ತಲೇ ಇರಬೇಕು. 1935ರ ಅಂಕಿ ಕಲಿಸಿದ ಪಾಠ ಅದು.