ಹಿತ್ತಲಲ್ಲೊಂದು ಕಾರ್ಖಾನೆ

ನಾನು ಹಿತ್ತಲಲ್ಲಿ ಮರಗೆಲಸಕ್ಕೆಂದು ಶೆಡ್ ಕಟ್ಟಿದ ಸುದ್ದಿ ಹೇಗೋ ಹಬ್ಬಿ, "ಎಷ್ಟಾಯ್ತು? ಪರ್ಮಿಟ್ ಬೇಕಾ? ಯಾವ ಮೆಷಿನ್ ತಗೊಂಡ್ರಿ?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಸಾಫ್ಟ್‌ವೇರ್‌ನವನಿಗೆ ಉಳಿ-ಸುತ್ತಿಗೆಯ ಸಹವಾಸ ಯಾಕೆ ಅಂದಿರಾ? ಎಂಜಿನಿಯರಿಂಗ್ ಮೊದಲನೇ ವರ್ಷದ ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡಿಗೆ ಅರ ಹಾಕಿ ಹಾಕಿ ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಬಿಟ್ಟರೆ ಆಮೇಲೆ ನನ್ನ ಕೈಗೆ ಗೊತ್ತಿದ್ದದ್ದು ಕೀಬೋರ್ಡ್ ಒಂದೇ. ಆದರೆ ನಿಜವಾದ ಕಾರಣ ಅಪ್ಪ. ಅವರು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಕಳೆದ ಸಲ ಆರು ತಿಂಗಳಿಗೆಂದು ಬಂದಾಗ ಕಾರು ಓಡಿಸಲು ಬಾರದೆ, ನಡೆದು ಹೋಗೋಣವೆಂದರೆ ಹತ್ತಿರ ಅಂಗಡಿಯೂ ಇಲ್ಲದೆ, ಕಿಟಕಿಯ ಪಕ್ಕ ಕೂತು ರಸ್ತೆ ನೋಡುತ್ತಿದ್ದರು. ಎರಡನೇ ತಿಂಗಳಿಗೇ "ಟಿಕೆಟ್ ಪ್ರೀಪೋನ್ ಮಾಡಿಸಪ್ಪಾ" ಎಂದರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಮಾತು ಕೇಳಿಲ್ಲ ಹೇಳಿ! ಮುಂದಿನ ಸಲ ಅವರು ಬರುವಷ್ಟರಲ್ಲಿ ಅವರ ಕೈಗೊಂದು ಕೆಲಸ ಇರಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಮೊದಲು ಕಾನೂನು. ನಮ್ಮ ನಾರ್ತ್ ಕ್ಯಾರೊಲೈನಾದಲ್ಲಿ ನಾನು ಕಟ್ಟುವಾಗ ಉದ್ದ, ಅಗಲ, ಎತ್ತರ ಯಾವುದೂ 12 ಅಡಿ ಮೀರದ ಶೆಡ್‌ಗೆ ಬಿಲ್ಡಿಂಗ್ ಪರ್ಮಿಟ್ ಬೇಕಿರಲಿಲ್ಲ. ಹಾಗಾಗಿ 10 x 12 ಅಡಿಗೆ ನಿಲ್ಲಿಸಿದೆ. ಕೆಲವು ರಾಜ್ಯಗಳಲ್ಲಿ ಚದರಡಿ ಲೆಕ್ಕ, ಕ್ಯಾಲಿಫೋರ್ನಿಯಾದಲ್ಲಿ 120 ಚದರಡಿ. ನಿಮ್ಮ ಟೌನ್ ಆಫೀಸಿಗೆ ಒಂದು ಫೋನ್ ಹಾಕಿ. ಕರೆಂಟಿಗೆ ಮಾತ್ರ ಪರ್ಮಿಟ್ ಬೇಕೇ ಬೇಕು. ಇನ್ನು ಎಚ್.ಓ.ಎ. ಮಹಾಶಯರು! ಶೆಡ್ಡಿನ ಬಣ್ಣ ಮನೆಯ ಬಣ್ಣಕ್ಕೆ ಹೊಂದಬೇಕು ಅಂತ ಐದು ವಾರ ಕಾಯಿಸಿದರು. ಅರ್ಜಿ ಕೊಡದೆ ಕಟ್ಟಿ ಆಮೇಲೆ ಕಿತ್ತುಹಾಕುವುದಕ್ಕಿಂತ ಕಾಯುವುದೇ ವಾಸಿ.

ನೆಲ ಅಗೆಯುವ ಮುಂಚೆ 811ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಮೂರು ಕೆಲಸದ ದಿನಗಳೊಳಗೆ ಬಂದು ಬಾವುಟ ನೆಟ್ಟು ಹೋಗುತ್ತಾರೆ: ಕೆಂಪು ಕರೆಂಟು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಕಿತ್ತಳೆ ಫೋನು-ಕೇಬಲ್ಲು, ಹಸಿರು ಚರಂಡಿ. ನಮ್ಮ ಹಿತ್ತಲು ಅವತ್ತು ಜಾತ್ರೆಯ ಹಾಗೆ ಕಾಣುತ್ತಿತ್ತು. ನಾನು ಶೆಡ್ ಹಾಕಬೇಕೆಂದುಕೊಂಡಿದ್ದ ಮೂಲೆಯಲ್ಲೇ ಹಳದಿ ಬಾವುಟ ಎದ್ದದ್ದರಿಂದ ಜಾಗ ಆರಡಿ ಸರಿಯಿತು.

ಇಲ್ಲಿನ ಕೆಂಪು ಜೇಡಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ. ಅದಕ್ಕೇ ಮೇಲ್ಮಣ್ಣು ತೆಗೆದು ನಾಲ್ಕಿಂಚು ಜಲ್ಲಿ ಹಾಸಿ, ರಸಮಟ್ಟ ಇಟ್ಟು ಸಮ ಮಾಡಿ, ಮೇಲೆ ಗೆದ್ದಲು ಹಿಡಿಯದಂತೆ ಔಷಧಿ ಹಾಕಿದ ದಪ್ಪ ತೊಲೆಗಳನ್ನು ಮಲಗಿಸಿದೆ. ಮೊದಲ ಸಲ ಮರ ಕೊಳ್ಳುವವರಿಗೊಂದು ಮಾತು: ಇಲ್ಲಿ "ಟೂ ಬೈ ಫೋರ್" ಅಂತ ಕೊಡುವ ಮರ ಎರಡಿಂಚೂ ಇಲ್ಲ, ನಾಲ್ಕಿಂಚೂ ಇಲ್ಲ, ಒಂದೂವರೆ ಮತ್ತು ಮೂರೂವರೆ. ಆದರೆ ಪ್ಲೈವುಡ್ ಮಾತ್ರ ನಿಜವಾಗಿ 4 x 8 ಅಡಿ. ಗೋಡೆಯ ಕಂಬಗಳನ್ನು 16 ಇಂಚಿಗೊಂದರಂತೆ ನಿಲ್ಲಿಸುವುದೂ ಅದಕ್ಕೇ. 48 ಇಂಚಿನ ಹಲಗೆಯ ಅಂಚು ಸರಿಯಾಗಿ ಕಂಬದ ಮೇಲೇ ಬಂದು ಕೂರುತ್ತದೆ.

ಕರೆಂಟನ್ನು ನಾನು ಮುಟ್ಟಲಿಲ್ಲ. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಬಂದು 18 ಇಂಚು ಆಳದಲ್ಲಿ ಪಿವಿಸಿ ಪೈಪ್ ಹೂತು, ಶೆಡ್ಡಿನಲ್ಲೇ ಒಂದು ಸಬ್ ಪ್ಯಾನೆಲ್ ಕೂರಿಸಿಕೊಟ್ಟರು. ದೀಪಕ್ಕೊಂದು, ಮೆಷಿನ್‌ಗೊಂದು, ಧೂಳೆಳೆಯುವ ವ್ಯಾಕ್ಯೂಮ್‌ಗೊಂದು ಬೇರೆ ಬೇರೆ 20 ಆಂಪ್ ಲೈನು. ಪ್ಲಗ್ ಪಾಯಿಂಟ್‌ಗಳಿಗೆಲ್ಲ ಜಿಎಫ್‌ಸಿಐ. ಖರ್ಚು ಕೇಳುತ್ತಿದ್ದವರಿಗೆ: ಶೆಡ್ಡಿನ ಸಾಮಾನಿಗೆ ಸುಮಾರು 4,500 ಡಾಲರ್, ಕರೆಂಟಿಗೆ 2,200, ಹತಾರಗಳಿಗೆ ಇಲ್ಲಿಯವರೆಗೆ 1,800.

ಇನ್ನು ಮನೆಯಲ್ಲಿ ಮಹಾಭಾರತ ಆದ ವಿಷಯಕ್ಕೆ ಬರುತ್ತೇನೆ: ಟೇಬಲ್ ಸಾ. ಮರಗೆಲಸ ಅಂದರೆ ಮೊದಲು ಅದೇ ಬೇಕು ಅಂತ ಎಲ್ಲರೂ ಹೇಳುತ್ತಾರೆ, ನನಗೂ ಆಸೆಯಿತ್ತು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 30 ಸಾವಿರ ಜನ ಟೇಬಲ್ ಸಾ ಗಾಯದಿಂದ ಎಮರ್ಜೆನ್ಸಿಗೆ ಹೋಗುತ್ತಾರೆ ಅಂತ ಗ್ರಾಹಕ ಸುರಕ್ಷತಾ ಆಯೋಗದ ಅಂದಾಜು. ಬೆರಳು ತಾಗಿದೊಡನೆ ಸುಮಾರು ಐದು ಮಿಲಿಸೆಕೆಂಡಿನಲ್ಲಿ ಬ್ಲೇಡು ನಿಲ್ಲಿಸುವ ಸಾಸ್ಟಾಪ್ ಇದೆಯಲ್ಲ ಎಂದು ನಾನು ವಾದಿಸಿದೆ. ಸ್ಟೀವ್ ಗ್ಯಾಸ್ ಎಂಬ ಭೌತಶಾಸ್ತ್ರ ಓದಿದ ವಕೀಲರ ಐಡಿಯಾ ಅದು. ಚರ್ಮ ತಾಗಿದರೆ ಬ್ಲೇಡಿನಲ್ಲಿರುವ ಸಣ್ಣ ಸಿಗ್ನಲ್ ಬದಲಾಗುತ್ತದೆ, ಅಲ್ಯೂಮಿನಿಯಂ ತುಂಡೊಂದು ಹಲ್ಲುಗಳಿಗೆ ಬಡಿದು ಹಿಡಿಯುತ್ತದೆ. ಬ್ಲೇಡೂ ಹೋಯಿತು, ಬ್ರೇಕೂ ಹೋಯಿತು, ಬೆರಳು ಉಳಿಯಿತು.

ಅಪ್ಪ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಹಲಗೆ ಸಿಡಿದು ಹೊಟ್ಟೆಗೆ ಬಡಿದರೆ ಅದೂ ನಿಲ್ಲಿಸುತ್ತಾ?" ಎಂದರು. ಅದಕ್ಕೆ ಉತ್ತರವಿರಲಿಲ್ಲ. ಹಲಗೆ ಬ್ಲೇಡಿನ ಹಿಂಭಾಗಕ್ಕೆ ಸಿಕ್ಕಿ ವಾಪಸ್ ಹಾರುವುದನ್ನು ಆ ಬ್ರೇಕು ತಡೆಯುವುದಿಲ್ಲ, ಅದಕ್ಕೆ ರೈವಿಂಗ್ ನೈಫ್ ಬೇರೆ ಬೇಕು. ನನ್ನ ಹೆಂಡತಿ ಇನ್ನೂ ನೇರವಾಗಿ ಹೇಳಿದಳು: "ಈ ಮನೆಯ ಮಾರ್ಟ್‌ಗೇಜ್ ಕಟ್ಟುವುದು ನಿಮ್ಮ ಹತ್ತು ಬೆರಳು. ಜೊತೆಗೆ ಏಳು ವರ್ಷದ ಮಗನಿಗೆ ಅಪ್ಪ ಎಲ್ಲಿ ಹೋದರೂ ಹಿಂದೆಯೇ ಬರುವ ಚಾಳಿ." ಕೊನೆಗೆ ಟೇಬಲ್ ಸಾ ಬೇಡವೆಂದಾಯಿತು. ದೊಡ್ಡ ಪ್ಲೈವುಡ್ ಹಾಳೆಗಳನ್ನು ಅಂಗಡಿಯಲ್ಲೇ ಸೀಳಿಸಿ ತರುತ್ತೇನೆ. ಉಳಿದದ್ದಕ್ಕೆ ಹಳಿಯ ಮೇಲೆ ಓಡುವ ಟ್ರ್ಯಾಕ್ ಸಾ. ಹಲಗೆ ಅಲುಗಾಡುವುದಿಲ್ಲ, ಗರಗಸ ಸರಿಯುತ್ತದೆ, ಎರಡು ಕೈಯೂ ಹಿಡಿಯ ಮೇಲೇ ಇರುತ್ತವೆ. ಹವ್ಯಾಸಕ್ಕೆ ಇದು ಧಾರಾಳ ಸಾಕು ಅಂತ ನನ್ನ ಅಭಿಪ್ರಾಯ, ಜಗಳಕ್ಕೂ ಸಿದ್ಧ!

ಅಪ್ಪ ಬಂದ ಮೂರನೇ ದಿನವೇ ಕೀಲಿ ಅವರ ಜೇಬು ಸೇರಿತು. ನನ್ನ ಹೊಸ ಉಳಿಗಳನ್ನು ಉಗುರಿನ ಮೇಲೆ ಇಟ್ಟು ನೋಡಿ, "ಇದರಲ್ಲಿ ಬೆಣ್ಣೆ ಕೂಡ ಕುಯ್ಯಲ್ಲ" ಎಂದು ಪಕ್ಕಕ್ಕಿಟ್ಟರು. ಎರಡು ದಿನ ಸಾಣೆಕಲ್ಲಿನ ಮುಂದೆ ಕೂತರು. ಅವರ ಲೆಕ್ಕ ಸುಲಭ: ಉಳಿಯ ಇಳಿಜಾರಿನ ಉದ್ದ ಅದರ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ, ಕೋನಮಾಪಕ ಬೇಡ. ಹರಿತವಾದ ಉಳಿಗಿಂತ ಮೊಂಡು ಉಳಿಯೇ ಅಪಾಯ, ಯಾಕೆಂದರೆ ಅದನ್ನು ಜೋರಾಗಿ ಒತ್ತಬೇಕು, ಒತ್ತಿದ್ದು ಜಾರುತ್ತದೆ. ನಮ್ಮೂರ ಆಚಾರ್ರು ನೆಲದ ಮೇಲೆ ಕೂತು ಕಾಲಲ್ಲೇ ಹಲಗೆ ಹಿಡಿದು ಹತ್ತರಿ ಹೊಡೆಯುತ್ತಿದ್ದರು. ಇಲ್ಲಿ ನಿಂತು ಮಾಡುವುದರಿಂದ ಬೆಂಚಿನ ಎತ್ತರ ಮಣಿಕಟ್ಟಿನ ಮಟ್ಟಕ್ಕೆ ಇರಬೇಕು. ನನ್ನ ಅಳತೆಗೆ 34 ಇಂಚು. ಅಪ್ಪ ಕುಳ್ಳಗಿರುವುದರಿಂದ ಅವರಿಗೊಂದು ಮಣೆ. ಬೆಂಚಿಗೆ ಭಾರವಾದ ವೈಸ್ ಬೋಲ್ಟ್ ಮಾಡಿದ್ದೇವೆ. ಹತಾರಗಳಲ್ಲಿ ಹೆಚ್ಚು ದುಡ್ಡು ಹಾಕಬೇಕಾದದ್ದು ಅದಕ್ಕೇ ಅಂತ ಅಪ್ಪನ ತೀರ್ಪು.

ಧೂಳನ್ನು ಹಗುರವಾಗಿ ತಗೋಬೇಡಿ. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ವ್ಯಾಕ್ಯೂಮ್ ಜೊತೆಗೆ ಮೂಗಿಗೆ ಎನ್-95 ಹಾಕುತ್ತೇವೆ. ಇನ್ನೊಂದು: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಗಿಸಿ. ಇಲ್ಲಿಯ ಬೇಸಿಗೆಯ ಸೆಕೆಗೆ ಕಬ್ಬಿಣ ನಮ್ಮ ಮಲೆನಾಡಿನ ಹಾಗೆ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಎಣ್ಣೆ ಕೈ ಆಡಿಸಲೇಬೇಕು.

ಮೊದಲ ದೊಡ್ಡ ಕೆಲಸ ದಸರಾ ಗೊಂಬೆಗೆ ಏಳು ಮೆಟ್ಟಿಲು. ಒಂದೊಂದು ಮೆಟ್ಟಿಲು ಹತ್ತಿಂಚು ಅಗಲ, ಎಂಟಿಂಚು ಎತ್ತರ. ಬಿಚ್ಚಿ ಮಡಿಸಿದರೆ ಗರಾಜಿನ ಗೋಡೆಗೆ ಒರಗಿಸಬಹುದು. ಈಗ ಅಪ್ಪ ಪುಟ್ಟ ಲೇತಿನ ಹಿಂದೆ ಬಿದ್ದಿದ್ದಾರೆ. ಬರುವಾಗ ಚನ್ನಪಟ್ಟಣದಿಂದ ಬಣ್ಣದ ಅರಗಿನ ಕಡ್ಡಿ ತಂದಿದ್ದರು. ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಅಲ್ಲಿ ಹಾಲೆ ಮರ, ಇಲ್ಲಿ ಮೇಪಲ್. ಮೊದಲ ಎರಡು ಬುಗುರಿ ಮಗನ ಪಾಲಾದವು. ಮೂರನೆಯದು ಪಕ್ಕದ ಮನೆಯ ಹುಡುಗನಿಗೆ. ಅವನಿಗೆ ಚಾಟಿ ಸುತ್ತುವುದನ್ನು ಅಪ್ಪ ಕನ್ನಡದಲ್ಲೇ ಹೇಳಿಕೊಡುತ್ತಿದ್ದಾರೆ.

ಅವರ ಟಿಕೆಟ್ ಇರುವುದು ನವೆಂಬರ್ ಕೊನೆಗೆ. ಮೆಟ್ಟಿಲಿನ ಅಳತೆ ಬೇಕಾದವರು, ಕಾಲು ಮುರಿದ ಕುರ್ಚಿ ಇರುವವರು ಅಷ್ಟರೊಳಗೆ ಶನಿವಾರ ಬೆಳಿಗ್ಗೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ, ಇಲ್ಲದಿದ್ದರೆ ಅಪ್ಪ ಬಾಗಿಲಲ್ಲೇ ನಿಲ್ಲಿಸುತ್ತಾರೆ.