ಡಬ್ಬಿ ಮೇಲೆ ಕೆಂಪು ಲೈಟ್ ಯಾಕ? ಫೈಬರ್ ವೈರ್ ಮಡಚಬ್ಯಾಡ್ರಿ

ಭಾತಂಬ್ರಾ: ಅಂಗಡಿಯ ವೈಫೈ ಡಬ್ಬಿ ಮೇಲೆ ಕೆಂಪು ಲೈಟ್ ಮಿನುಗಿದ್ರೆ ಬಿಲ್ಲಿಂಗ್ ಬಂದ್, ಆನ್‌ಲೈನ್ ಅರ್ಜಿ ಬಂದ್. ಎಲ್ಲರೂ ಮೊದಲು ಡಬ್ಬಿ ಆಫ್ ಮಾಡಿ ಆನ್ ಮಾಡ್ತಾರ. ನಾನೂ ಅದನ್ನೇ ಮಾಡ್ತಿದ್ದೆ. ಆದರೆ ‘ಎಲ್‌ಒಎಸ್’ ಅಂತ ಬರೆದಲ್ಲಿ ಕೆಂಪು ಬಂದ್ರೆ ಅರ್ಥ ಒಂದೇ: ವೈರಿನಲ್ಲಿ ಬೆಳಕು ಬರ್ತಿಲ್ಲ. ಹೌದು, ಆ ವೈರಿನಲ್ಲಿ ಬರುವುದು ಕರೆಂಟ್ ಅಲ್ಲ, ಬೆಳಕು.

ವೈರಿನ ಒಳಗ ಗಾಜಿನ ಎಳೆ ಅದ. ದಪ್ಪ 125 ಮೈಕ್ರಾನ್, ಅಂದ್ರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಟ್ಟನಡುವಿನ ಸುಮಾರು 9 ಮೈಕ್ರಾನ್ ತಿರುಳಿನಲ್ಲಿ.

ವೈರ್ ಓಣಿ ಓಣಿ ತಿರುಗ್ತದ, ಬೆಳಕು ಮಾತ್ರ ನೆಟ್ಟಗ ಹೋಗುವಂಥದ್ದು. ಹಂಗಾದ್ರೆ ಹೊರಗ ಯಾಕ ಬೀಳಲ್ಲ? ಬಾವಿಯಲ್ಲಿ ಈಜಿದವರು ಇದನ್ನು ನೋಡಿರ್ತಾರ. ಮುಳುಗಿ ನೆಟ್ಟಗ ಮೇಲೆ ನೋಡಿದ್ರೆ ಆಕಾಶ ಕಾಣ್ತದ. ಓರೆಯಾಗಿ ನೋಡಿದ್ರೆ ನೀರಿನ ಮೈಯೇ ಕನ್ನಡಿ ಆಗಿ, ಬಾವಿಯೊಳಗಿನ ಕಲ್ಲೇ ಕಾಣ್ತದ. ಓರೆಯಾಗಿ ಬಡಿದ ಬೆಳಕು ಹೊರಗ ಹೋಗದೆ ಪೂರ್ತಿ ಒಳಗೇ ತಿರುಗ್ತದ. ಪುಸ್ತಕದಲ್ಲಿ ಇದರ ಹೆಸರು ಪೂರ್ಣ ಆಂತರಿಕ ಪ್ರತಿಫಲನ. (ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ತಿಳಿದಿದ್ದು ಈಗ.)

ಎಳೆಯಲ್ಲಿ ತಿರುಳಿನ ಗಾಜು ಬೇರೆ, ಸುತ್ತಲಿನ ಗಾಜು ಬೇರೆ. ಎರಡರ ವ್ಯತ್ಯಾಸ ಶೇ. 1ಕ್ಕೂ ಕಡಿಮೆ. ಅದಕ್ಕೇ ಬೆಳಕು ಗೋಡೆ ಸವರಿಕೊಂಡು ಹೋದಂಗ ತೀರಾ ಓರೆಯಾಗಿ ಬಡಿಯಬೇಕು. ವೈರನ್ನು ಶಟರ್ ಸಂದಿಯಲ್ಲಿ ಸಿಕ್ಕಿಸಿ, ಮೊಳೆಗೆ ಮಡಚಿ ಕಟ್ಟಿದ್ರೆ ಆ ಓರೆ ತಪ್ಪಿ ಬೆಳಕು ಸೋರಿಹೋಗ್ತದ. ಎಳೆ ತುಂಡೇ ಆಗಬೇಕಂತಿಲ್ಲ. ಹೆಚ್ಚಿಗಿ ಉಳಿದ ವೈರನ್ನು ಊಟದ ತಾಟಿನಷ್ಟು ಅಗಲ ಸುತ್ತಿಡ್ರಿ.

ಗಾಜು ಬೆಳಕನ್ನು ನುಂಗೋದಿಲ್ಲೇನು? ಮೊದಲು ಭಾಳ ನುಂಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು ಎಂದು 1966ರಲ್ಲಿ ಹೇಳಿದವರು ಚಾರ್ಲ್ಸ್ ಕಾವೋ. 2009ರಲ್ಲಿ ಅವರಿಗೆ ನೊಬೆಲ್ ಬಂತು. ಈಗಿನ ಒಳ್ಳೆ ಎಳೆಯಲ್ಲಿ 15 ಕಿ.ಮೀ. ದಾಟಿದ ಮೇಲೂ ಅರ್ಧ ಬೆಳಕು ಉಳಿದಿರ್ತದ. ಗ್ರಾಮ ಪಂಚಾಯಿತಿಗಳಿಗೆ ಭಾರತ್‌ನೆಟ್‌ನಲ್ಲಿ ಎಳೆಯುವುದೂ ಇಂಥದ್ದೇ ಗಾಜು. ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ.

ಜೆಸಿಬಿ ಕೇಬಲ್ ಕಡಿದ್ರೆ ತಾಮ್ರದ ವೈರಿನಂಗ ತಿರುವಿ ಟೇಪ್ ಸುತ್ತಲು ಬರಲ್ಲ. ಒಂದೊಂದು ಎಳೆಯ ತುದಿ ನೇರ ಕತ್ತರಿಸಿ, ತಿರುಳಿಗೆ ತಿರುಳು ಕೂಡಿಸಿ, ಮಷಿನ್‌ನಲ್ಲಿ ವಿದ್ಯುತ್ ಕಿಡಿ ಕೊಟ್ಟು ಕರಗಿಸಿ ಬೆಸೆಯಬೇಕು. ಅದಕ್ಕೇ ತಡ.

ತುಂಡಾದ ವೈರನ್ನು ಮಕ್ಕಳ ಕೈಗೆ ಕೊಡಬ್ಯಾಡ್ರಿ. ಒಳಗಿನದು ಕಣ್ಣಿಗೆ ಕಾಣದ ಲೇಸರ್ ಬೆಳಕು, ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಗಾಜಿನ ಚೂರು ಬೆರಳಿಗೆ ಚುಚ್ಚಿದ್ರೂ ಹುಡುಕಿ ತೆಗೆಯೋದು ಕಷ್ಟ.